ಸ್ಕೇಲ್ ಹಿಡಿದು ಮೀನಿನ ವಯಸ್ಸು ಹೇಳುವವರಿಗೆ

ಕಲ್ಲೂರು ಮೀನಿನ ತಲೆ ಸೀಪಿ ತಿಂದವರಿಗೆ ಇದು ಗೊತ್ತಿರುತ್ತೆ. ಸೀಪುತ್ತಾ ಹೋದರೆ ಹಲ್ಲಿಗೆ ಕಟಕ್ ಅಂತ ಒಂದು ಕಲ್ಲು ಸಿಗುತ್ತದೆ. ಬೆಳ್ಳಗೆ, ನುಣ್ಣಗೆ. ಒಂದಲ್ಲ, ಎಡಕ್ಕೊಂದು ಬಲಕ್ಕೊಂದು. ಚಿಕ್ಕವರಿದ್ದಾಗ ಅದನ್ನು ತೊಳೆದು ಬೆಂಕಿಪೊಟ್ಟಣದಲ್ಲಿ ಕೂಡಿಡುತ್ತಿದ್ದೆವು. ಯಾರ ಹತ್ತಿರ ದೊಡ್ಡದಿದೆ ಅಂತ ಜಗಳ. ಆ ಕಲ್ಲು ಮೀನಿನ ಜಾತಕ ಅಂತ ನನಗೆ ಗೊತ್ತಾಗಿದ್ದು ಬಿಇ ಮುಗಿಸಿ, ಬೆಂಗಳೂರಿಗೆ ಬಂದು, ಹನ್ನೊಂದು ವರ್ಷ ಕೋಡ್ ಬರೆದು, ಒಂದು ದೊಡ್ಡ ತಪ್ಪು ಮಾಡಿದ ಮೇಲೆ.

ತಪ್ಪು ಯಾವುದು ಅಂತ ಮೊದಲೇ ಒಪ್ಪಿಕೊಂಡುಬಿಡ್ತೇನೆ. ಯಾಕಂದರೆ ಈ ಬರಹದಲ್ಲಿ ನಾನು ಬೈಯುವವರ ಸಾಲಿನಲ್ಲಿ ಮೊದಲು ನಿಂತಿರುವವನು ನಾನೇ.

ಎರಡು ವರ್ಷದ ಹಿಂದೆ ಒಂದು ಹ್ಯಾಕಥಾನ್. ಮೂವತ್ತಾರು ಗಂಟೆ, ಪುಕ್ಕಟೆ ಪಿಜ್ಜಾ, ವಿಷಯ ‘ಸುಸ್ಥಿರ ಸಮುದ್ರ’. ನಮ್ಮ ತಂಡದ ನಾಲ್ವರಲ್ಲಿ ಸಮುದ್ರದ ಪಕ್ಕ ಹುಟ್ಟಿದವನು ನಾನೊಬ್ಬನೇ. ಹಾಗಾಗಿ ಡೊಮೇನ್ ಎಕ್ಸ್‌ಪರ್ಟ್ ಅನ್ನೋ ಪಟ್ಟ ನನಗೇ ಕಟ್ಟಿದರು. ನಾವು ಮಾಡಿದ್ದು ‘ಮೀನಾಯು’ ಅನ್ನೋ ಆ್ಯಪ್. ಬೂತಾಯಿಯನ್ನು ತಟ್ಟೆ ಮೇಲಿಡಿ, ಪಕ್ಕದಲ್ಲಿ ಹತ್ತು ರೂಪಾಯಿ ನಾಣ್ಯ ಇಡಿ, ಫೋಟೋ ತೆಗೀರಿ. ನಾಣ್ಯದ ಅಗಲ 27 ಮಿ.ಮೀ. ಅಂತ ಗೊತ್ತಿರೋದರಿಂದ ಮೀನಿನ ಉದ್ದ ಸಿಗುತ್ತೆ. ಉದ್ದವನ್ನು ಒಂದು ಸಮೀಕರಣಕ್ಕೆ ಹಾಕಿದರೆ ವಯಸ್ಸು ಬರುತ್ತೆ. ಹಸಿರು ಬಂದರೆ ಕೊಳ್ಳಬಹುದು. ಕೆಂಪು ಬಂದರೆ ‘ಇದು ಮರಿಮೀನು, ಕೊಳ್ಳಬೇಡಿ’. ಅಕ್ಯುರಸಿ 92 ಪರ್ಸೆಂಟ್ ಅಂತ ಸ್ಲೈಡಿನಲ್ಲಿ ದಪ್ಪಕ್ಷರದಲ್ಲಿ ಹಾಕಿದೆವು. ಎರಡನೇ ಬಹುಮಾನ ಬಂತು.

ಆ ಜುಲೈನಲ್ಲಿ ಊರಿಗೆ ಹೋದೆ. ನಮ್ಮೂರು ಬೈಂದೂರಿನ ಹತ್ತಿರ. ದೊಡ್ಡ ಬೋಟುಗಳಿಗೆ ಜೂನ್, ಜುಲೈ ಎರಡು ತಿಂಗಳು ರಜೆ. ಕಡಲು ಸ್ವಲ್ಪ ತಣ್ಣಗಾದ ದಿನ ನಾಡದೋಣಿಗಳು ಮಾತ್ರ ಇಳಿಯುತ್ತವೆ. ಮಾವನದ್ದೂ ಒಂದು ಪಾಲು ಇದೆ ಅಂಥ ಒಂದು ದೋಣಿಯಲ್ಲಿ. ಅವರು ಬಲೆ ಝಾಡಿಸುತ್ತಿದ್ದರು. ನಾನು ಒಂದು ಬೂತಾಯಿ ಎತ್ತಿಕೊಂಡು, ನಾಣ್ಯ ಇಟ್ಟು, ಫೋಟೋ ತೆಗೆದೆ. ಹದಿಮೂರು ಸೆಂಟಿಮೀಟರ್. ಎಂಟು ತಿಂಗಳು. ಕೆಂಪು.

ಮಾವ ಫೋನ್ ನೋಡಿದರು, ಮೀನು ನೋಡಿದರು. ಆಮೇಲೆ ಹೆಬ್ಬೆರಳ ಉಗುರಿನಲ್ಲಿ ಅದರ ಹೊಟ್ಟೆ ಬಗೆದರು. ಒಳಗೆ ತುಂಬ ಮೊಟ್ಟೆ.

“ಮರಿಯಾ? ಹಂಗಾರೆ ಇದ್ ಬಸ್ರಿ ಆದ್ ಹ್ಯಾಂಗ್ ಮಾರಾಯ?”

ಸುತ್ತ ಇದ್ದವರೆಲ್ಲ ನಕ್ಕರು. ನಾನೂ ನಕ್ಕೆ. ರಾತ್ರಿ ಮಾತ್ರ ನಿದ್ದೆ ಬರಲಿಲ್ಲ.

ಯಾಕೆ ಅಂತ ಹೇಳ್ತೇನೆ. ಆ ಮೀನಿನ ಬಗ್ಗೆ ಎರಡು ಕಥೆ ಸಾಧ್ಯ. ಒಂದು, ಅದು ನಿಜವಾಗಲೂ ಎಂಟು ತಿಂಗಳಿನದೇ, ಆದರೆ ಬೇಗ ಪ್ರಾಯಕ್ಕೆ ಬಂದಿದೆ. ಇನ್ನೊಂದು, ಅದಕ್ಕೆ ವರ್ಷ ದಾಟಿದೆ, ಆದರೆ ಹೊಟ್ಟೆಗೆ ಸಾಕಾಗದೆ ಗಿಡ್ಡಗೆ ಉಳಿದಿದೆ. ಮೊದಲನೆಯದು ನಿಜವಾದರೆ ಹಿಡಿತದ ಒತ್ತಡ ಜಾಸ್ತಿಯಾಗಿದೆ ಅಂತ ಅನುಮಾನ ಪಡಬೇಕು. ಎರಡನೆಯದು ನಿಜವಾದರೆ ಕಡಲಿನಲ್ಲಿ ಮೇವು ಕೆಟ್ಟಿದೆ ಅಂತ ನೋಡಬೇಕು. ಎರಡಕ್ಕೂ ಮದ್ದು ಬೇರೆ ಬೇರೆ. ಎರಡರಲ್ಲೂ ಉದ್ದ ಮಾತ್ರ ಹದಿಮೂರು ಸೆಂಟಿಮೀಟರೇ. ಅಂದರೆ ನನ್ನ ಆ್ಯಪ್ ಏನನ್ನು ಅಳೆಯುತ್ತಿತ್ತೋ ಅದರಲ್ಲಿ ಉತ್ತರವೇ ಇರಲಿಲ್ಲ.

ಹಾಗಾದರೆ 92 ಪರ್ಸೆಂಟ್ ಎಲ್ಲಿಂದ ಬಂತು? ನಾವು ಆ್ಯಪ್ ಕೊಟ್ಟ ವಯಸ್ಸನ್ನು ಹೋಲಿಸಿದ್ದು ಮೀನಿನ ವಯಸ್ಸಿನ ಜೊತೆ ಅಲ್ಲ. ಒಂದು ಹಳೆಯ ಕೋಷ್ಟಕದ ಜೊತೆ. ಆ ಕೋಷ್ಟಕವೂ ಉದ್ದದಿಂದಲೇ ಲೆಕ್ಕ ಹಾಕಿದ್ದು. ನಮ್ಮ ಪ್ರಶ್ನೆಗೆ ನಾವೇ ಉತ್ತರ ಬರೆದು, ನಾವೇ ಮೌಲ್ಯಮಾಪನ ಮಾಡಿ, ನಮಗೇ ಡಿಸ್ಟಿಂಕ್ಷನ್ ಕೊಟ್ಟುಕೊಂಡಿದ್ದೆವು. ಆಫೀಸಿನಲ್ಲಿ ಯಾರಾದರೂ ಇಂಥ ಟೆಸ್ಟ್ ಬರೆದರೆ ಕೋಡ್ ರಿವ್ಯೂನಲ್ಲಿ ಉಗಿಯುತ್ತೇನೆ. ಮೀನಿನ ವಿಷಯ ಆದ್ದರಿಂದ ನಡೆದುಹೋಯ್ತು.

ಈಗ ಕಲ್ಲಿನ ವಿಷಯಕ್ಕೆ ಬರ್ತೇನೆ. ಮೀನಿನ ಒಳಗಿವಿಯಲ್ಲಿ ಸುಣ್ಣದ ಕಲ್ಲುಗಳಿರುತ್ತವೆ, ಒಟ್ಟು ಮೂರು ಜೊತೆ. ವಿಜ್ಞಾನಿಗಳು ಓಟೊಲಿತ್ ಅಂತಾರೆ, ನಾವು ಕಿವಿಗಲ್ಲು ಅನ್ನೋಣ. ಸಮತೋಲನಕ್ಕೆ, ಕೇಳುವುದಕ್ಕೆ ಅದು ಬೇಕು. ಕಲ್ಲೂರಿನಲ್ಲಿ ದೊಡ್ಡದು, ಬೂತಾಯಿಯಲ್ಲಿ ಕೆಲವೇ ಮಿಲಿಮೀಟರ್. ಈ ಕಲ್ಲು ಪದರ ಪದರವಾಗಿ ಬೆಳೆಯುತ್ತದೆ. ಒಮ್ಮೆ ಕೂತ ಪದರವನ್ನು ಮೀನು ಉಪವಾಸ ಬಿದ್ದರೂ ಕರಗಿಸಿಕೊಳ್ಳುವುದಿಲ್ಲ. ಚಿಪ್ಪು ಉದುರಿ ಹೊಸದು ಬರಬಹುದು, ಮೈ ಬೆಳೆಯುವುದು ನಿಲ್ಲಬಹುದು, ಕಲ್ಲಿನ ದಾಖಲೆ ಮಾತ್ರ ಮುಂದುವರಿಯುತ್ತದೆ. ಯುರೋಪಿನಲ್ಲಿ ಇದರ ವರ್ಷದ ಬಳೆಗಳನ್ನು ಎಣಿಸಲು ಶುರುಮಾಡಿದ್ದು 1899ರಲ್ಲಿ, ಪ್ಲೇಸ್ ಅನ್ನೋ ಚಪ್ಪಟೆ ಮೀನಿನಲ್ಲಿ. ಚಳಿಗಾಲದಲ್ಲಿ ಬೆಳವಣಿಗೆ ನಿಧಾನ, ಬೇಸಿಗೆಯಲ್ಲಿ ಜೋರು. ಹಾಗಾಗಿ ಮರದ ಕಾಂಡದ ಹಾಗೆ ವರ್ಷಕ್ಕೊಂದು ಬಳೆ.

“ನಮ್ಮಲ್ಲಿ ಚಳಿಗಾಲ ಎಲ್ಲಿದೆ? ಬಳೆ ಎಲ್ಲಿ ಬೀಳುತ್ತೆ?” ಅಂತ ಕೇಳಬಹುದು. ಸರಿಯಾದ ಪ್ರಶ್ನೆ. ಉಷ್ಣವಲಯದ ಮೀನುಗಳಲ್ಲಿ ವರ್ಷದ ಬಳೆ ಮಸುಕು. ಎಷ್ಟೋ ಸಲ ಒಂದೇ ವರ್ಷದಲ್ಲಿ ಎರಡು ಬಿದ್ದ ಹಾಗೆ ಕಾಣುತ್ತೆ. ಆದರೆ 1971ರಲ್ಲಿ ಪನ್ನೆಲ್ಲಾ ಅನ್ನೋ ವಿಜ್ಞಾನಿ ಇನ್ನೊಂದು ವಿಷಯ ತೋರಿಸಿದ. ಕಲ್ಲಿನಲ್ಲಿ ದಿನಕ್ಕೊಂದು ಗೆರೆಯೂ ಬೀಳುತ್ತೆ. ಹಗಲು ರಾತ್ರಿ ನಮ್ಮಲ್ಲೂ ಇದೆಯಲ್ಲ! ಬೂತಾಯಿಯಂಥ ಅಲ್ಪಾಯುಷಿ ಮೀನಿಗೆ ದಿನದ ಗೆರೆಯೇ ಕ್ಯಾಲೆಂಡರ್.

ಊರಿನಿಂದ ವಾಪಸ್ ಬಂದಮೇಲೆ, ಪರಿಚಯದವರೊಬ್ಬರ ಮೂಲಕ, ಈ ಕೆಲಸ ಮಾಡುವ ಸಂಶೋಧಕಿಯೊಬ್ಬರನ್ನು ಭೇಟಿಯಾದೆ. ಕಲ್ಲನ್ನು ರಾಳದಲ್ಲಿ ಕೂರಿಸಿ, ತೇಯ್ದು, ಪಾಲಿಶ್ ಮಾಡಿ, ಸೂಕ್ಷ್ಮದರ್ಶಕದ ಕೆಳಗೆ ಇಟ್ಟು ತೋರಿಸಿದರು. ಮೀನಿನ ಉದ್ದ ಎಷ್ಟು ಅಂತ ಎಣಿಸುವವರಿಗೆ ಹೇಳುವುದಿಲ್ಲವಂತೆ. ಹೇಳಿದರೆ ಕಣ್ಣು ಆ ಉದ್ದಕ್ಕೆ ತಕ್ಕ ಲೆಕ್ಕವನ್ನೇ ಕಾಣುತ್ತೆ. ಒಂದೇ ಕಲ್ಲನ್ನು ಮೂರು ಸಲ ಎಣಿಸಿದರು. ಮೂರೂ ತಾಳೆಯಾಗಲಿಲ್ಲ. “ಇದು ಬೇಡ” ಅಂತ ಪಕ್ಕಕ್ಕಿಟ್ಟರು, ಒಂದಿಷ್ಟೂ ಬೇಜಾರಿಲ್ಲದೆ. ನನಗೆ ಹೊಟ್ಟೆಯಲ್ಲಿ ಒಂಥರಾ ಆಯ್ತು. ಮೂವತ್ತಾರು ಗಂಟೆಯಲ್ಲಿ ನಾವು ಒಂದು ಮೀನನ್ನೂ ಪಕ್ಕಕ್ಕಿಟ್ಟಿರಲಿಲ್ಲ. ಪ್ರತಿ ಫೋಟೋಗೂ ನಮ್ಮ ಹತ್ತಿರ ಉತ್ತರ ಇತ್ತು.

ಗೆರೆ ಎಣಿಸಿದರೂ ಮುಗಿಯಲಿಲ್ಲ. ಗೆರೆ ನಿಜಕ್ಕೂ ದಿನಕ್ಕೊಂದೇ ಬೀಳುತ್ತಾ, ಬಳೆ ವರ್ಷಕ್ಕೊಂದೇ ಬೀಳುತ್ತಾ ಅಂತ ಸಾಬೀತು ಮಾಡಬೇಕು. ಅದಕ್ಕೆ ಮೀನಿಗೆ ಟೆಟ್ರಾಸೈಕ್ಲಿನ್ ಜಾತಿಯ ಔಷಧಿ ಕೊಟ್ಟು ಬಿಡುತ್ತಾರೆ. ಅದು ಕಲ್ಲಿನಲ್ಲಿ ಸೇರಿಕೊಂಡು, ನೇರಳಾತೀತ ಬೆಳಕಿನಲ್ಲಿ ಹೊಳೆಯುವ ಒಂದು ಗುರುತಾಗುತ್ತೆ. ಗೊತ್ತಿರುವಷ್ಟು ದಿನ ಬಿಟ್ಟು ಮತ್ತೆ ಹಿಡಿದು, ಗುರುತಿನಿಂದ ಈಚೆಗೆ ಎಷ್ಟು ಗೆರೆ ಅಂತ ಎಣಿಸುತ್ತಾರೆ. ಇದು ನಿಜವಾದ ಟೆಸ್ಟ್. ಬೀಮಿಶ್ ಮತ್ತು ಮೆಕ್‌ಫಾರ್ಲೇನ್ ಅನ್ನೋ ಇಬ್ಬರು ಕೆನಡಾದ ವಿಜ್ಞಾನಿಗಳು 1983ರಲ್ಲೇ ಒಂದು ಪ್ರಬಂಧ ಬರೆದು, ಮೀನಿನ ವಯಸ್ಸು ಹೇಳುವವರು ಈ ಸಾಬೀತು ಮಾಡುವ ಕೆಲಸವನ್ನೇ ಮರೆತುಬಿಟ್ಟಿದ್ದಾರೆ ಅಂತ ಗದರಿದ್ದರು. ನಲವತ್ತು ವರ್ಷ ಆದಮೇಲೆ ಅದೇ ಮರೆವಿಗೆ ನಾವು ಬಹುಮಾನ ತಗೊಂಡೆವು.

“ಒಂದು ಮೀನಿನ ವಯಸ್ಸು ತಪ್ಪಿದರೆ ಆಕಾಶ ಬೀಳುತ್ತಾ?” ಅಂತ ನನ್ನ ತಂಡದ ಗೆಳೆಯನೇ ಕೇಳಿದ. ಅವನಿಗೆ ಆರೆಂಜ್ ರಫಿಯ ಕಥೆ ಹೇಳಿದೆ, ನಿಮಗೂ ಹೇಳ್ತೇನೆ. ನ್ಯೂಜಿಲೆಂಡ್ ಮತ್ತು ಆಸ್ಟ್ರೇಲಿಯಾದ ಆಳ ಸಮುದ್ರದ ಮೀನು ಅದು. ಮೊದಲಿನ ಹೆಸರು ಸ್ಲೈಮ್‌ಹೆಡ್, ಅಂದರೆ ಲೋಳೆತಲೆ. ಆ ಹೆಸರಲ್ಲಿ ಯಾರು ಕೊಳ್ತಾರೆ? ಹೆಸರು ಬದಲಾಯ್ತು, 1970ರ ದಶಕದ ಕೊನೆಯಿಂದ ಭರಾಟೆಯ ಮೀನುಗಾರಿಕೆ ಶುರುವಾಯ್ತು. ಉಳಿದ ಮೀನುಗಳ ಹಾಗೆ ಇದೂ ಬೇಗ ಬೆಳೆಯುತ್ತೆ, ಬೇಗ ತುಂಬಿಕೊಳ್ಳುತ್ತೆ ಅಂತ ಅಂದಾಜು. ಕಲ್ಲಿನ ಹೊರಮೈ ನೋಡಿ ಕೆಲವೇ ದಶಕಗಳ ಆಯುಷ್ಯ ಅಂದುಕೊಂಡಿದ್ದರು. 1991ರಲ್ಲಿ ಆಸ್ಟ್ರೇಲಿಯಾದವರು ಕಲ್ಲಿನೊಳಗಿನ ರೇಡಿಯಂ ಮತ್ತು ಸೀಸದ ವಿಕಿರಣವನ್ನು ಅಳೆದು ನೋಡಿದರು. ಹಿರಿಯ ಮೀನುಗಳಿಗೆ ನೂರು ದಾಟಿ ನೂರೈವತ್ತರ ಹತ್ತಿರ ವಯಸ್ಸು! ಮೊಟ್ಟೆ ಇಡುವ ಪ್ರಾಯಕ್ಕೆ ಬರಲು ಮೂವತ್ತು ವರ್ಷದ ಆಸುಪಾಸು. ಪ್ರಾಯಕ್ಕೆ ಬಂದಮೇಲೆ ಉದ್ದ ಬೆಳೆಯುವುದು ಹೆಚ್ಚುಕಡಿಮೆ ನಿಂತೇಹೋಗುತ್ತೆ. ಹಾಗಾಗಿ ನಲವತ್ತರ ಮೀನು, ನೂರಿಪ್ಪತ್ತರ ಮೀನು ಸ್ಕೇಲಿನಲ್ಲಿ ಒಂದೇ. ಗೊತ್ತಾಗುವ ಹೊತ್ತಿಗೆ ಎಷ್ಟೋ ಕಡೆ ಸಂತತಿ ಕುಸಿದಿತ್ತು. 2006ರಲ್ಲಿ ಆಸ್ಟ್ರೇಲಿಯಾ ಅದನ್ನು ಸಂರಕ್ಷಣೆಯ ಪಟ್ಟಿಗೆ ಸೇರಿಸಬೇಕಾಯ್ತು. ತಟ್ಟೆಯಲ್ಲಿ ತಿಂದವರಿಗೆ ತಾವು ತಿಂದದ್ದು ಮುತ್ತಜ್ಜನ ಕಾಲದ ಜೀವ ಅಂತ ಗೊತ್ತೇ ಇರಲಿಲ್ಲ.

“ಬೂತಾಯಿ ಬದುಕೋದೇ ಎರಡು ಮೂರು ವರ್ಷ. ಅದಕ್ಕೂ ಇದಕ್ಕೂ ಏನು ಸಂಬಂಧ?” ಅನ್ನೋರಿಗೆ ಒಂದು ಲೆಕ್ಕ. ನಮ್ಮ ಪಶ್ಚಿಮ ಕರಾವಳಿಯಲ್ಲಿ ಬೂತಾಯಿಯ ವಯಸ್ಸಿನ ವಿಚಾರ ನೂರು ವರ್ಷ ಹಳೆಯದು. ನಾವು ಬೈಗೆ ಅನ್ನುವ, ಕಾರವಾರದವರು ತಾರ್ಲೆ ಅನ್ನುವ ಇದೇ ಮೀನನ್ನು 1920ರ ದಶಕದಲ್ಲಿ ಹಾರ್ನೆಲ್ ಮತ್ತು ನಾಯುಡು ಅಭ್ಯಾಸ ಮಾಡಿದರು. 1943ರಲ್ಲಿ ದೇವನೇಸನ್ ಅದರ ವಯಸ್ಸಿನ ಬಗ್ಗೆ ಬರೆದರು. 1949ರಲ್ಲಿ ನಾಯರ್ ಕಿವಿಗಲ್ಲಿನ ಬಳೆಗಳನ್ನು ನೋಡಿದರು. ಆಮೇಲೆ ಬಂದವರು ಎಷ್ಟೋ ಜನ. ಹದಿನೈದು ಸೆಂಟಿಮೀಟರ್ ಉದ್ದದ ಬೂತಾಯಿಗೆ ಕೆಲವರ ಲೆಕ್ಕದಲ್ಲಿ ಒಂದು ವರ್ಷ, ಕೆಲವರ ಲೆಕ್ಕದಲ್ಲಿ ಎರಡು ವರ್ಷ. ಒಂದೇ ವರ್ಷದ ವ್ಯತ್ಯಾಸ ತಾನೇ ಅನ್ನಬೇಡಿ. ಎರಡೂವರೆ ವರ್ಷ ಬದುಕುವ ಜೀವಕ್ಕೆ ಒಂದು ವರ್ಷ ಅಂದರೆ ಎಪ್ಪತ್ತು ವರ್ಷ ಬದುಕುವ ಮನುಷ್ಯನಿಗೆ ಇಪ್ಪತ್ತೆಂಟು ವರ್ಷ. ಮ್ಯಾಟ್ರಿಮೊನಿಯಲ್ಲಿ ಮೂವತ್ತು ಅಂತ ಹಾಕಿದವನು ಐವತ್ತೆಂಟರವನಾಗಿ ಎದುರಿಗೆ ಬಂದು ಕೂತರೆ ‘ಸಣ್ಣ ಎರರ್’ ಅಂತ ಕಾಫಿ ಕುಡಿದು ಬರ್ತೀರಾ?

ಆ ಒಂದು ವರ್ಷದ ಮೇಲೆ ಉಳಿದದ್ದೆಲ್ಲ ನಿಂತಿದೆ. ಎಷ್ಟು ಬೇಗ ಬೆಳೆಯುತ್ತೆ, ವರ್ಷಕ್ಕೆ ಎಷ್ಟು ತಾನಾಗಿ ಸಾಯುತ್ತೆ, ನಾವು ಎಷ್ಟು ಹಿಡಿದರೆ ಮುಂದಿನ ವರ್ಷಕ್ಕೆ ಉಳಿಯುತ್ತೆ, ಎಷ್ಟು ಉದ್ದದ ಕೆಳಗೆ ಹಿಡಿಯಬಾರದು. ಕೇರಳ 2015ರಿಂದ ಇಂಥ ಕನಿಷ್ಠ ಉದ್ದಗಳನ್ನು ಕಾನೂನು ಮಾಡಿತು. ಬೂತಾಯಿಗೆ 10 ಸೆಂ.ಮೀ., ಬಂಗುಡೆಗೆ 14 ಸೆಂ.ಮೀ. ಅದೇ ಕೇರಳದಲ್ಲಿ 2012ರಲ್ಲಿ ಸುಮಾರು 4 ಲಕ್ಷ ಟನ್ ಬೂತಾಯಿ ಸಿಕ್ಕಿತ್ತು, 2021ರಲ್ಲಿ ಅದು 3,500 ಟನ್ ಕೂಡ ದಾಟಲಿಲ್ಲ. ಇತ್ತೀಚೆಗೆ ಮತ್ತೆ ರಾಶಿ ರಾಶಿ ಬಂದಾಗ ಮೀನು ಗಿಡ್ಡ. ಸಂಖ್ಯೆ ಜಾಸ್ತಿಯಾಗಿ ಮೇವಿಗೆ ಪೈಪೋಟಿ ಬಿದ್ದು ಬೆಳವಣಿಗೆ ಕುಂಠಿತವಾಗಿದೆ ಅನ್ನೋ ವಿವರಣೆ ಬಂತು. ನನ್ನ ಆ್ಯಪ್ ಅಲ್ಲಿದ್ದಿದ್ದರೆ ಏನು ಹೇಳ್ತಿತ್ತು? ಎಲ್ಲಾ ಮರಿ, ಎಲ್ಲಾ ಕೆಂಪು. ಗಿಡ್ಡ ಯಾವುದು, ಮರಿ ಯಾವುದು ಅಂತ ಬೇರೆ ಮಾಡಿ ಹೇಳೋಕೆ ಅದಕ್ಕೆ ದಾರಿಯೇ ಇಲ್ಲ.

ಉದ್ದದಿಂದ ವಯಸ್ಸು ಲೆಕ್ಕ ಹಾಕುವುದೇ ತಪ್ಪು ಅಂತ ನಾನು ಹೇಳ್ತಿಲ್ಲ. ಅದಕ್ಕೆ ಒಂದು ಮರ್ಯಾದಸ್ಥ ಇತಿಹಾಸ ಇದೆ. 1890ರ ದಶಕದಲ್ಲೇ ಡೆನ್ಮಾರ್ಕಿನ ಪೀಟರ್ಸನ್ ಸಾವಿರಾರು ಮೀನು ಅಳೆದು, ಯಾವ ಉದ್ದದಲ್ಲಿ ಗುಂಪು ಜಾಸ್ತಿ ಅಂತ ನೋಡಿ, ಒಂದೊಂದು ಗುಂಪೂ ಒಂದೊಂದು ವರ್ಷದ ಪೀಳಿಗೆ ಅಂದ. 1938ರಲ್ಲಿ ಬರ್ಟಲಾನ್ಫಿ ಬೆಳವಣಿಗೆಯ ಸಮೀಕರಣ ಕೊಟ್ಟ. ಎಳೆತನದಲ್ಲಿ ಜೋರಾಗಿ, ಆಮೇಲೆ ನಿಧಾನವಾಗಿ, ಕೊನೆಗೆ ಒಂದು ಗರಿಷ್ಠ ಉದ್ದದ ಹತ್ತಿರ ನಿಲ್ಲುವ ಗೆರೆ. 1980ರ ಹೊತ್ತಿಗೆ ಮನಿಲಾದಲ್ಲಿ ಡೇನಿಯಲ್ ಪೌಲಿ ಮತ್ತು ಡೇವಿಡ್ ಸೇರಿ ಎಲಿಫ್ಯಾನ್ ಅನ್ನೋ ಪ್ರೋಗ್ರಾಂ ಬರೆದರು, ಅದೂ ಬೇಸಿಕ್ ಭಾಷೆಯಲ್ಲಿ, ನಾನು ಹುಟ್ಟುವ ಮೊದಲು. ಕಲ್ಲು ತೇಯುವ ಪ್ರಯೋಗಾಲಯ ಇಲ್ಲದ ಬಡ ದೇಶಗಳ ಮೀನುಗಾರಿಕೆಗೂ ಒಂದು ದಾರಿ ಇರಲಿ ಅನ್ನೋದು ಅದರ ಹಿಂದಿನ ಕಾಳಜಿ. ಭಾರತದಲ್ಲಿ ಎಷ್ಟೋ ಮೀನಿನ ಬೆಳವಣಿಗೆಯ ಲೆಕ್ಕ ಬಂದಿರೋದು ಇಂಥ ವಿಧಾನದಿಂದಲೇ. ನಸುಕಿನಲ್ಲಿ ಬಂದರಿಗೆ ಹೋಗಿ, ಕೂಗಾಟದ ಮಧ್ಯೆ ಬುಟ್ಟಿಯಿಂದ ಮೀನು ಎತ್ತಿ ಅಳೆಯುವ ಸಿಬ್ಬಂದಿಯನ್ನು ನಾನು ನೋಡಿದ್ದೇನೆ. ಅವರ ಮೇಲೆ ನನಗೆ ಗೌರವ ಇದೆ.

ನನ್ನ ಸಿಟ್ಟು ಇರೋದು ಅಲ್ಲಿಗೇ ನಿಲ್ಲುವವರ ಮೇಲೆ. ಪ್ರೋಗ್ರಾಂಗೆ ಒಂದು ಗುಣ ಇದೆ, ಅದಕ್ಕೆ ಏನು ಕೊಟ್ಟರೂ ಒಂದು ಸಂಖ್ಯೆ ಕೊಡುತ್ತೆ. ಉದ್ದದ ಗುಂಪನ್ನು ಅರ್ಧ ಸೆಂಟಿಮೀಟರಿಗೆ ಕಟ್ಟಿದರೆ ಒಂದು ಉತ್ತರ, ಒಂದು ಸೆಂಟಿಮೀಟರಿಗೆ ಕಟ್ಟಿದರೆ ಇನ್ನೊಂದು ಉತ್ತರ ಬರಬಹುದು. ಬಲೆಯ ಕಣ್ಣಿನಿಂದ ನುಸುಳಿಹೋದ ಸಣ್ಣ ಮೀನು ಲೆಕ್ಕಕ್ಕೇ ಬರೋದಿಲ್ಲ. ಎರಡು ದಶಾಂಶ ಸ್ಥಾನದ ಉತ್ತರ ಬಂದ ತಕ್ಷಣ ನಮ್ಮಂಥವರು ಅದನ್ನು ಡ್ಯಾಶ್‌ಬೋರ್ಡಿಗೆ ಹಾಕಿ, ಬಣ್ಣ ಬಳಿದು, ‘ಡೇಟಾ ಹೇಳುತ್ತಿದೆ’ ಅಂತೀವಿ. ಡೇಟಾ ಏನೂ ಹೇಳ್ತಿಲ್ಲ ಸ್ವಾಮಿ. ನಾವು ಹೇಳಿಸ್ತಿದ್ದೀವಿ.

ಆ ಸಂಖ್ಯೆಗೆ ಬೆಲೆ ಕಟ್ಟುವವರು ಯಾರು? ನೀವೂ ಅಲ್ಲ, ನಾನೂ ಅಲ್ಲ. ನಮ್ಮ ಸಂಬಳ ತಿಂಗಳ ಕೊನೆಗೆ ಬಂದೇ ಬರುತ್ತೆ. ಸಂಖ್ಯೆ ಒಂದು ಕಡೆಗೆ ತಪ್ಪಿದರೆ ಬಲಿತ ಮೀನು ತಂದ ನಾಡದೋಣಿಯವನು ಮರಿ ಹಿಡಿದ ಅಪರಾಧಿ ಆಗ್ತಾನೆ. ಇನ್ನೊಂದು ಕಡೆಗೆ ತಪ್ಪಿದರೆ ನಿಜವಾದ ಮರಿಯನ್ನು ಟನ್‌ಗಟ್ಟಲೆ ಎತ್ತಿ ಫಿಶ್‌ಮೀಲ್ ಕಾರ್ಖಾನೆಗೆ ಹಾಕುವವನಿಗೆ ಸರ್ಟಿಫಿಕೇಟ್ ಸಿಗುತ್ತೆ. ಎರಡರಲ್ಲೂ ಐದು ವರ್ಷದ ಮೇಲೆ ಖಾಲಿ ಬಲೆ ಎಳೆಯುವವರು ಮಾವನಂಥವರು.

ಇದನ್ನು ಓದಿ ಊರಿನ ಕೆಲವರು ಖುಷಿಪಡಬಹುದು, “ನೋಡಿ, ಇವರ ಲೆಕ್ಕವೆಲ್ಲ ಸುಳ್ಳಂತೆ, ಹಿಡಿಯೋಣ” ಅಂತ. ಅವರಿಗೂ ಒಂದು ಮಾತು. ಮರಿಮೀನು ಹಿಡಿಯಬಾರದು ಅನ್ನೋದರಲ್ಲಿ ನನಗೆ ಅನುಮಾನ ಇಲ್ಲ. ರಂಪಣಿ ಹೋಗಿ ಪರ್ಸೀನ್ ಬಂದಮೇಲೆ ಒಂದೇ ಸುತ್ತಿಗೆ ಇಡೀ ಹಿಂಡನ್ನು ಬಾಚಿದವರಲ್ಲಿ ನಮ್ಮವರೂ ಇದ್ದಾರೆ. ವಯಸ್ಸು ಸರಿಯಾಗಿ ಗೊತ್ತಿಲ್ಲ ಅಂದರೆ ಜಾಸ್ತಿ ಹಿಡಿಯಬಹುದು ಅಂತ ಅರ್ಥ ಅಲ್ಲ, ಇನ್ನೂ ಜಾಗ್ರತೆ ಬೇಕು ಅಂತ ಅರ್ಥ. ಕತ್ತಲಲ್ಲಿ ಗಾಡಿ ಓಡಿಸುವವನು ಸ್ಪೀಡ್ ಕಮ್ಮಿ ಮಾಡ್ತಾನೆ, ಜಾಸ್ತಿ ಅಲ್ಲ.

ಹಾಗಾದರೆ ಏನು ಬೇಕು? ಮೂರೇ ವಿಷಯ. ಮೊದಲನೆಯದು, ಸೆಂಟಿಮೀಟರಿನಲ್ಲಿ ಬರೆದ ಯಾವ ನಿಯಮವೇ ಇರಲಿ, ಅದರ ಹಿಂದೆ ಅದೇ ಕಡಲಿನ ಮೀನಿನ ಕಿವಿಗಲ್ಲು ಎಣಿಸಿ, ಸಾಬೀತು ಮಾಡಿದ ವಯಸ್ಸು ಇರಬೇಕು. ಮೇವು ಬದಲಾಗುತ್ತೆ, ನೀರಿನ ಬಿಸಿ ಬದಲಾಗುತ್ತೆ, ಬೆಳವಣಿಗೆಯೂ ಬದಲಾಗುತ್ತೆ. ಆದ್ದರಿಂದ ಕೆಲವು ವರ್ಷಕ್ಕೊಮ್ಮೆ ಮತ್ತೆ ಎಣಿಸಬೇಕು. ಎರಡನೆಯದು, ಎಣಿಸುವವರಿಗೆ ಕಾಯಂ ಕೆಲಸ, ಒಳ್ಳೆಯ ಸಂಬಳ. ಹ್ಯಾಕಥಾನ್ ಬಹುಮಾನಕ್ಕೆ ಸುರಿಯುವ ದುಡ್ಡಿನಲ್ಲಿ ಕಲ್ಲು ತೇಯುವ ಎಷ್ಟು ಕೈಗಳನ್ನು ಸಾಕಬಹುದು ಅಂತ ಯಾರಾದರೂ ಲೆಕ್ಕ ಹಾಕಿ. ಮೂರನೆಯದು ನಮಗೆ, ಅಂದರೆ ಲ್ಯಾಪ್‌ಟಾಪ್ ಜನರಿಗೆ. ನಮ್ಮ ಕಂಪ್ಯೂಟರ್ ವಿಷನ್ ಕೌಶಲ ನಿಜಕ್ಕೂ ಬೇಕಾಗಿರೋದು ಸೂಕ್ಷ್ಮದರ್ಶಕದ ಆ ಚಿತ್ರಗಳಿಗೆ. ಎಣಿಸುವವರ ಕಣ್ಣಿಗೆ ನೆರವಾಗುವ, ಅನುಮಾನ ಇದ್ದಾಗ “ಇದು ಬೇಡ” ಅಂತ ಪಕ್ಕಕ್ಕಿಡಲು ಬರುವ ಸಾಫ್ಟ್‌ವೇರ್ ಬರೆಯೋಣ. ಅದಕ್ಕೆ ಬಹುಮಾನ ಬರಲಿಕ್ಕಿಲ್ಲ, ಡೆಮೊದಲ್ಲಿ ಚಪ್ಪಾಳೆಯೂ ಬೀಳಲಿಕ್ಕಿಲ್ಲ. ಪರವಾಗಿಲ್ಲ.

ಮೀನಾಯುವನ್ನು ನಾನು ಪೂರ್ತಿ ತೆಗೆದುಹಾಕಲಿಲ್ಲ. ಒಂದು ಸಾಲು ಬದಲಾಯಿಸಿದೆ ಅಷ್ಟೇ. ಈಗ ಫೋಟೋ ತೆಗೆದರೆ ಉದ್ದ ಮಾತ್ರ ತೋರಿಸುತ್ತೆ. ವಯಸ್ಸಿನ ಜಾಗದಲ್ಲಿ ‘ಗೊತ್ತಿಲ್ಲ, ತಲೆಯಲ್ಲಿದೆ’ ಅಂತ ಬರುತ್ತೆ. ಡೌನ್‌ಲೋಡ್ ಕಡಿಮೆಯಾಗಿದೆ. ಹೋದ ತಿಂಗಳು ಊರಿಗೆ ಹೋದಾಗ ಮಾವನಿಗೆ ತೋರಿಸಿದೆ. ಕನ್ನಡಕ ಏರಿಸಿಕೊಂಡು ಎರಡು ಸಲ ಓದಿದರು.

“ಈಗ್ ಸರಿ ಆಯ್ತ್” ಅಂದರು.